ಸಹಿಯ ಮೇಲಿನ ಖಾಲಿ ಜಾಗ

...ಅಥವಾ ಅದು ಕಡೂರಿನ ಬಸ್ಸೇ ಅಲ್ಲವೇನೋ. ನನ್ನ ನೆನಪು ತನಗೆ ಅನುಕೂಲವಾದ ಸೀಟು ಹಿಡಿದು ಕೂರುತ್ತದೆ. ಅದನ್ನು ನಾನು ನಂಬುವುದಿಲ್ಲ. ಕಡೂರು ಎಂದೇ ಇಟ್ಟುಕೊಳ್ಳುತ್ತೇನೆ. ಅಲ್ಲಿನ ಕೋಚಿಂಗ್ ಸೆಂಟರಿನಲ್ಲಿ ಪಾಠ ಹೇಳಿ ಮುಗಿಸಿ ಅಜ್ಜಂಪುರಕ್ಕೆ ಮರಳುತ್ತಿದ್ದೆ. ತೊಡೆಯ ಮೇಲೆ ನೆವಿಸ್ ಎಂಬ ದ್ವೀಪದ ನೋಟ್ಸ್ ಇತ್ತು, ಮೇಲ್ಪುಟದಲ್ಲಿ ಅದರ ಚಿತ್ರ.

ಪಕ್ಕದಲ್ಲಿ ಬಂದು ಕೂತಾಕೆ ರೈಲುಹಳಿಯ ಆಚೆಯ ಹಟ್ಟಿಯಿಂದ ಗೆದ್ದ ಪಂಚಾಯ್ತಿ ಸದಸ್ಯೆ. ನಾನೂ ಅದೇ ಪಂಚಾಯ್ತಿಯ ಸದಸ್ಯ.

“ಇದ್ಯಾವೂರು ಸಾ, ಕೆರೆ ಮಧ್ಯ ಗುಡ್ಡ ಇದ್ದಂಗೈತೆ?”

ಹೇಳಿದೆ. ಎರಡು ದ್ವೀಪಗಳ ಒಕ್ಕೂಟ. ಚಿಕ್ಕದಾದ ನೆವಿಸ್‌ಗೆ ತನ್ನದೇ ಶಾಸನಸಭೆ ಇದೆ, ದೊಡ್ಡದಕ್ಕಿಲ್ಲ. ಐವರು ಚುನಾಯಿತರು, ಮೂವರು ನೇಮಕಗೊಂಡವರು. ಒಕ್ಕೂಟವನ್ನು ಬಿಡುವ ದಾರಿಯೂ ಸಂವಿಧಾನದಲ್ಲಿದೆ: ಸಭೆಯ ಚುನಾಯಿತರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು, ಆಮೇಲೆ ಜನರ ಮತದಲ್ಲೂ ಅಷ್ಟೇ.

“ಬುಡೋದೆಲ್ಲ ಬ್ಯಾಡ ಸಾ ನಂಗೆ. ನಮ್ ಅಂಗನವಾಡಿ ಉಳುದ್ರೆ ಸಾಕು.”

ಚೀಲದಿಂದ ಕಳೆದ ಸಭೆಯ ನಡಾವಳಿಯ ಜೆರಾಕ್ಸ್ ತೆಗೆದರು. ಹಟ್ಟಿಯ ಅಂಗನವಾಡಿಯನ್ನು ಊರಿನದಕ್ಕೆ ಸೇರಿಸಲು ಎಲ್ಲ ಸದಸ್ಯರೂ ಒಪ್ಪಿದ್ದಾರೆ ಎಂದಿತ್ತು. ಮೂರು ವರ್ಷದ ಮಕ್ಕಳು ಇನ್ನು ದಿನವೂ ಹಳಿ ದಾಟಬೇಕು. ಕೆಳಗೆ ಆಕೆಯ ಸಹಿ.

“ಈ ಮಾತೇ ಎತ್ತಿಲ್ಲ ಸಾ ಅವತ್ತು! ಸೈನ್ ಹಾಕುದ್ವಿ, ಟೀ ಕುಡುದ್ವಿ, ಎದ್ ಬಂದ್ವಿ.”

ನಮ್ಮಲ್ಲಿ ನಡೆಯುವುದೇ ಹಾಗೆ. ಮೊದಲು ಪುಟದ ಅಡಿಯಲ್ಲಿ ಸಹಿ, ಮೇಲೆಲ್ಲ ಖಾಲಿ. ಎಲ್ಲರೂ ಹೋದ ಮೇಲೆ ಸಭೆಯ ತೀರ್ಮಾನ ಹುಟ್ಟುತ್ತದೆ. ಬಸ್ಸಿಗೆ ಹೊತ್ತಾಯಿತೆಂದು ನಾವೇ ನಡಾವಳಿ ಪುಸ್ತಕ ಎಳೆದುಕೊಳ್ಳುತ್ತೇವೆ. ಇದಕ್ಕೆ ಪದ್ಧತಿ ಎಂಬ ಹೆಸರು ಬೇರೆ! ಹಟ್ಟಿಯವರ ಬಾಯಿಂದ ಮಾತು ಕದ್ದು ಅವರದೇ ಸಹಿಯ ಮೇಲೆ ಕೂರಿಸುವುದು ಪದ್ಧತಿಯಂತೆ.

“ಆ ದ್ವೀಪದೋರೂ ಮೊದ್ಲು ಸೈನ್ ಹಾಕ್ತಾರಾ?”

“ಇಲ್ಲ,” ಎಂದೆ, ಪಾಠದ ದನಿಯಲ್ಲಿ.

“ಮತ್ತೆ ನೀವ್ಯಾಕ್ ಹಾಕುದ್ರಿ?” ಆಕೆ ಬೆರಳಿಟ್ಟ ಕಡೆ, ಆಕೆಯ ಸಹಿಯ ಕೆಳಗೇ, ನನ್ನದು.

ಮರುದಿನ ಇಬ್ಬರೂ ತರೀಕೆರೆಯ ತಾಲ್ಲೂಕು ಕಚೇರಿಗೆ ಹೋಗಿ ಆಕ್ಷೇಪಣೆ ಕೊಟ್ಟೆವು. ಗುಮಾಸ್ತ ನಕ್ಕ. “ಆಯಮ್ಮ ಬುಡಿ, ನಿಮ್ಗೇನಾಗಿತ್ರೀ ಮೇಷ್ಟ್ರೇ? ಓದೋಕ್ ಬರಾಕಿಲ್ವಾ?”

“ಆಯಮ್ಮಂಗೂ ಓದೋಕ್ ಬತ್ತದೆ ಕಣ್ರೀ,” ಎಂದರು ಆಕೆ. “ಪುಟದಾಗೆ ಏನಾರ ಬರ್ದಿದ್ರೆ ತಾನೇ ಓದೋದು?”

ಉತ್ತರ ಇನ್ನೂ ಬಂದಿಲ್ಲ. ಮಕ್ಕಳನ್ನು ದಾಟಿಸಲು ಹಳಿಯ ಹತ್ತಿರ ತಾಯಂದಿರು ಸರದಿಯಲ್ಲಿ ನಿಲ್ಲುತ್ತಿದ್ದಾರೆ.

ನೆವಿಸ್‌ನವರು ಯಾವಾಗ ಸಹಿ ಹಾಕುತ್ತಾರೋ ನನಗೆ ಗೊತ್ತಿಲ್ಲ, ನೋಟ್ಸಿನಲ್ಲಿ ಅದಿರಲಿಲ್ಲ. ನಾನು ಸಹಿ ಹಾಕುವಾಗ ಪುಟ ಖಾಲಿಯಿತ್ತೋ, ಬರೆದಿದ್ದನ್ನೇ ಓದದೆ ಹಾಕಿದೆನೋ, ಅದೂ ಗೊತ್ತಿಲ್ಲ. ಆಕ್ಷೇಪಣೆಯಲ್ಲಿ ಮಾತ್ರ ಖಾಲಿಯಿತ್ತು ಎಂದೇ ಬರೆದಿದ್ದೇನೆ.