ಆಡಿನಮ್ಮ ಅಮ್ಮನನ್ನು ನೋಡಲು ಹೋದದ್ದು

ಹಾಸಿಗೆ ಹೊಲಿಯುವ ಆಕೆಯನ್ನು ಬೀದಿಯವರೆಲ್ಲ ಆಡಿನಮ್ಮ ಎಂದೇ ಕರೆಯುತ್ತಿದ್ದರು. ಹೆತ್ತವಳ ಎದೆ ಬತ್ತಿಹೋಗಿತ್ತಂತೆ, ಆಡಿನ ಹಾಲು ಕುಡಿದು ಬದುಕಿದ ಕೂಸಂತೆ. ಹಾಗೆಂದು ಸಾಕಿದ ದೊಡ್ಡಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದಳು. ಆ ಹೆಸರಿಗೆ ಆಕೆ ಎಂದೂ ಮುಖ ಸಿಂಡರಿಸಿದವಳಲ್ಲ. "ಅದಕ್ಕೇ ನೋಡಿ, ಕಂಡಿದ್ದೆಲ್ಲ ಮೇಯ್ತೀನಿ" ಎಂದು ದಬ್ಬಣವನ್ನು ಹತ್ತಿಯೊಳಗೆ ಚುಚ್ಚುತ್ತಲೇ ನಗುತ್ತಿದ್ದಳು. ಯಾರಾದರೂ ತಾಯಿಯನ್ನು ಆಡಿಕೊಂಡರೆ ಮಾತ್ರ ಮೈಮೇಲೆ ಬೀಳುತ್ತಿದ್ದಳು. "ಒಣಕಲು ಕಡ್ಡಿ ಹಾಗಿದ್ಲಂತೆ, ಪಾಪ. ಇದ್ದಿದ್ರೆ ಕೊಡ್ತಿರ್ಲಿಲ್ವಾ?"

ತಾಯಿ ಸತ್ತಾಗ ಆಕೆಗೆ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಫೋಟೊ ಕೂಡ ಉಳಿದಿರಲಿಲ್ಲ. ತಾಯಿ ಕೆಲಸಕ್ಕಿದ್ದ ದೊಡ್ಡ ಬಂಗಲೆಯಲ್ಲಿ ಚಿತ್ರಕಾರನೊಬ್ಬ ಅವಳ ಚಿತ್ರ ಬರೆದಿದ್ದನೆಂದು ದೊಡ್ಡಮ್ಮ ಸಾಯುವ ಮುಂಚೆ ಬಾಯಿಬಿಟ್ಟಿದ್ದಳು. ಬಲಗಿವಿಯ ಹಾಲೆ ಹರಿದಿತ್ತು, ಅದೇ ಗುರುತು ಎಂದೂ ಹೇಳಿದ್ದಳು. ಎಂಥ ಚಿತ್ರ ಎಂದು ಮಾತ್ರ ಹೇಳಲಿಲ್ಲ. ಹಾಸಿಗೆ ಹೊಲಿಯುವವಳನ್ನು ಆ ಬಂಗಲೆಯ ಗೇಟು ದಾಟಲು ಯಾರು ಬಿಡುತ್ತಿದ್ದರು? ಅದು ಕಲಾ ಮ್ಯೂಸಿಯಂ ಆದ ಮೇಲೆಯೇ, ಅರವತ್ತು ದಾಟಿದ ಆಡಿನಮ್ಮ ಮಗಳ ಕೈಹಿಡಿದು ಅಮ್ಮನ ಮುಖ ನೋಡಲು ಹೊರಟಳು.

ಮರದ ಮೆಟ್ಟಿಲು, ಮೇಣ ಹಚ್ಚಿ ಉಜ್ಜಿದ ನೆಲ, ಗೋಡೆ ತುಂಬ ಮೀಸೆ ಹೊತ್ತ ಯಜಮಾನರು. ಆಡಿನಮ್ಮ ಅವರಿಗೆ ಕ್ಯಾರೇ ಅನ್ನದೆ ಹೆಂಗಸರ ಕಿವಿಗಳನ್ನೇ ಹುಡುಕಿಕೊಂಡು ಹೋದಳು. ಮಹಡಿಯ ಮೂಲೆಯ ಕೋಣೆಯಲ್ಲಿ ಆ ಕಿವಿ ಸಿಕ್ಕಿತು. "ಇವಳೇ ಕಣೇ!" ಎಂದು ಕೂಗಿದವಳ ಕಣ್ಣು ಕಿವಿಯಿಂದ ನೇರ ಕೆಳಗೆ ಜಾರಿತು.

ಚಿತ್ರದ ಹೆಂಗಸು ಒಣಕಲು ಕಡ್ಡಿಯಲ್ಲ, ಮೈಕೈ ತುಂಬಿಕೊಂಡವಳು. ಕುಪ್ಪಸ ಬಿಚ್ಚಿ ಕೂತಿದ್ದಳು. ತುಂಬಿದ ಎದೆಗೆ ಬಾಯಿಟ್ಟು, ರೇಷ್ಮೆ ಟೋಪಿ ಹಾಕಿದ ದುಂಡನೆಯ ಗಂಡುಮಗುವೊಂದು ಹಾಲು ಕುಡಿಯುತ್ತಿತ್ತು. ಮಗಳು ಪಕ್ಕದ ಫಲಕ ಓದಿದಳು: "ಯಜಮಾನರ ಮಗ, ಹಾಲೂಡುವ ದಾದಿಯ ಮಡಿಲಲ್ಲಿ." ಜೊತೆಗೊಂದು ಇಸವಿ. ಆಡಿನಮ್ಮ ಹುಟ್ಟಿದ್ದೂ ಅದೇ ಇಸವಿಯಲ್ಲಿ.

ಬತ್ತಿದ್ದೆಲ್ಲಿ? ಬತ್ತಿರಲೇ ಇಲ್ಲ! ಇಡೀ ಜೀವಮಾನ ಯಾವ ತಾಯಿಯ ಪರವಾಗಿ ಬೀದಿಜಗಳ ಆಡಿದ್ದಳೋ ಆ ತಾಯಿಯ ಬಳಿ ಬೇಕಾದಷ್ಟಿತ್ತು. ಅದೆಲ್ಲ ಈ ಟೋಪಿಯವನ ಪಾಲಾಗಿತ್ತು. ಕೋಪವನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದೇ ಆಕೆಗೆ ತಿಳಿಯಲಿಲ್ಲ. ಆ ಹೆಂಗಸಿನ ಮೇಲೋ, ಕೂಸಿನ ಮೇಲೋ, ಸುಳ್ಳು ಹೇಳಿ ಸತ್ತ ದೊಡ್ಡಮ್ಮನ ಮೇಲೋ? ದಡಬಡ ಹೊರಗೆ ನಡೆದುಬಿಟ್ಟಳು.

ಮೆಟ್ಟಿಲ ಬಳಿ ಮಗಳು ಹಿಂದಿನಿಂದ ಓಡಿಬಂದಳು. "ಅಮ್ಮಾ, ಅಜ್ಜಿ ಕಣ್ಣು ಥೇಟ್ ನಿಂದೇ. ನೋಡಿದ್ಯಾ?"

"ಕಣ್ಣಾ?" ಆಡಿನಮ್ಮ ತಬ್ಬಿಬ್ಬಾದಳು. "ನಾನು ಮುಖ ನೋಡ್ಲೇ ಇಲ್ಲ ಕಣೇ."

"ಅಯ್ಯೋ, ಅದಕ್ಕೇ ಅಲ್ವಾ ಬಂದಿದ್ದು? ಬಾ, ನೋಡ್ಕೊಂಡು ಬರೋಣ."

ಆಡಿನಮ್ಮ ಮೆಟ್ಟಿಲ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಬೇಡ. ಅದು ಇನ್ನೂ ಕುಡೀತಾನೇ ಇರುತ್ತೆ."