ನಾನು ಹೋಗದ ಸೋಮವಾರ

ದೆವ್ವ ಕಂಡೆ ಎಂದು ಯಾರಾದರೂ ಹೇಳಿದರೆ, ‘ರಾತ್ರಿ ಊಟಕ್ಕೆ ಏನಿತ್ತು?’ ಎಂದು ಕೇಳಿ ನಗುತ್ತಿದ್ದವನು ನಾನು. ಇದನ್ನು ಓದಿ ನೀವೂ ನನ್ನನ್ನು ಹಾಗೆಯೇ ಕೇಳಬಹುದು, ಬೇಸರವಿಲ್ಲ. ಆದರೆ ಇದು ನಡೆದದ್ದು ಹಾಡಹಗಲಿನಲ್ಲಿ, ಒಂದು ಕೇರಿಯ ಜನರೆಲ್ಲರ ಎದುರಿಗೆ.

ಬಂಗಾರಪೇಟೆಯನ್ನು ಆಗ ಬೌರಿಂಗ್‌ಪೇಟೆ ಎನ್ನುತ್ತಿದ್ದರು. ನಾನು ಅಲ್ಲಿ ಮನೆ ಮಾಡಿಕೊಂಡು, ಮಕ್ಕಳಿಗೆ ಸಿಡುಬು ಬಾರದಂತೆ ದಾಕು ಹಾಕುವ ಕೆಲಸದಲ್ಲಿದ್ದೆ. ಬೆಳಗಿನ ರೈಲಿಗೆ ಚಿನ್ನದ ಗಣಿಗಳ ಕಡೆ ಹೋಗಿ ಸಂಜೆ ಹಿಂದಿರುಗುತ್ತಿದ್ದೆ. ಒಂದು ಬೇಸಿಗೆಯಲ್ಲಿ, ಗಣಿಗಳಿದ್ದ ಉರಿಗಾಮಿನಲ್ಲಿ ಸಿಡುಬು ಕಾಣಿಸಿಕೊಂಡಿತು. ಸುತ್ತಲಿನ ಹಳ್ಳಿಗಳಿಂದ ಕೂಲಿಗೆ ಬಂದವರು ಬಿದಿರು ತಟ್ಟಿಯ ಗುಡಿಸಲುಗಳಲ್ಲಿದ್ದರು. ಆ ಕೇರಿಗೆ ನಾನು ಸೋಮವಾರ ಹೋಗಬೇಕಿತ್ತು. ಭಾನುವಾರವೇ ಚಳಿಜ್ವರ ಹಿಡಿಯಿತು. ಆ ವಾರವೆಲ್ಲ ಮಂಚದಿಂದ ಇಳಿಯಲಿಲ್ಲ. ಗಂಜಿ ಕುಡಿಸಲು ಬಂದಾಗಲೆಲ್ಲ ‘ಆ ಮಕ್ಕಳು, ಆ ಮಕ್ಕಳು’ ಎಂದು ಕನವರಿಸುತ್ತಿದ್ದೆ ಎಂದು ನನ್ನ ಹೆಂಡತಿ ಹೇಳಿದಳು.

ಮರು ಸೋಮವಾರ ಕಾಲು ನಡುಗುತ್ತಿದ್ದರೂ ಹೊರಟೆ. ತಡವಾಯಿತಲ್ಲ, ಎಷ್ಟು ಮಕ್ಕಳು ಮಲಗಿವೆಯೋ ಎಂಬ ಅಳುಕು. ಕೇರಿಯ ಮೊದಲ ಗುಡಿಸಲ ಮುಂದೆ ಪಾಪಕ್ಕ ಎಂಬ ಮುದುಕಿ ರಾಗಿ ಕೇರುತ್ತಿದ್ದಳು. ನನ್ನನ್ನು ಕಂಡು ಮೊರ ಕೆಳಗಿಟ್ಟಳು.

“ಇದೇನು ಸಾಮಿ, ತಿರ್ಗಾ ಬಂದ್ರಿ? ಓದ ಸೋಮವಾರ ತಾನೇ ಎಲ್ಲಾರ್ಗೂ ಆಕಿ ಓದ್ರಲ್ಲ!”

ಬೇರೆ ಯಾರೋ ಬಂದಿರಬೇಕು ಎಂದೆ. ಮುದುಕಿ ನಕ್ಕಳು. “ನಾನೇನು ಕುರುಡೀನಾ? ಇದೇ ಕೋಟು, ಇದೇ ಮೊಕ. ಮಜ್ಜಿಗೆ ಕೊಟ್ರೆ ಬ್ಯಾಡ ಅಂದ್ರಿ. ಮಗ ಅತ್ರೆ ‘ನಿಮ್ಮ ಮೇಕೆ ಎಸ್ರೇನು’ ಅಂತ ಕೇಳ್ತಿದ್ರಿ.”

ಸೂಜಿ ತಾಗುವಾಗ ಮಗುವಿನ ಗಮನ ತಪ್ಪಿಸಲು ಮೇಕೆಯ ಹೆಸರು ಕೇಳುವುದು ನನ್ನದೇ ಉಪಾಯ, ಯಾರಿಂದಲೂ ಕಲಿತದ್ದಲ್ಲ. ಮಕ್ಕಳನ್ನು ಕರೆದು ತೋಳು ನೋಡಿದೆ. ಎಲ್ಲರಿಗೂ ದಾಕು ಎದ್ದಿತ್ತು. ಗುಳ್ಳೆಗಳು ನೀರು ತುಂಬಿಕೊಂಡು, ಸರಿಯಾಗಿ ಒಂದು ವಾರದ ಹಿಂದೆ ಹಾಕಿದವುಗಳಂತೆ ಕಾಣುತ್ತಿದ್ದವು. ಆ ಕೇರಿಯಲ್ಲಿ ಒಂದು ಮಗುವಿಗೂ ಸಿಡುಬು ಬಂದಂತಿರಲಿಲ್ಲ.

ಹಾಗೆಂದುಕೊಳ್ಳುವಷ್ಟರಲ್ಲಿ ಕೊನೆಯ ಗುಡಿಸಲಿನಿಂದ ಮುನಿಯಮ್ಮ ಎಂಬ ಹೆಂಗಸು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಬಂದಳು. ಮಗುವಿನ ಮೈ ಕೆಂಡದಂತೆ ಸುಡುತ್ತಿತ್ತು. ಹಣೆಯ ಮೇಲೆ ಸಿಡುಬಿನ ಬೊಕ್ಕೆಗಳು ಮೂಡತೊಡಗಿದ್ದವು.

“ಎಲ್ಲಾರ್ಗೂ ಆಕಿ ನನ್ನ ಮಗೀನ ಯಾಕೆ ಬುಟ್ರಿ ಸಾಮಿ? ಕೈಯಿಡ್ದು ನೋಡಿ, ‘ಇದ್ಕೆ ಬ್ಯಾಡ’ ಅಂದು ಓಗೇಬುಟ್ರಿ.”

ಸಿಡುಬು ಒಳಗೆ ಸೇರಿ ಎಷ್ಟೋ ದಿನಗಳಾದ ಮೇಲೆ ಹೊರಗೆ ಕಾಣುತ್ತದೆ. ಹೋದ ಸೋಮವಾರವೇ ಅದು ಆ ಮಗುವಿನ ಒಳಗಿದ್ದಿರಬೇಕು, ದಾಕು ಹಾಕಿದ್ದರೂ ಫಲವಿರುತ್ತಿರಲಿಲ್ಲ. ಆದರೆ ಕೈ ಹಿಡಿದು ಅದನ್ನು ತಿಳಿಯಬಲ್ಲ ಮನುಷ್ಯ ಇನ್ನೂ ಹುಟ್ಟಿಲ್ಲ. ನನಗೆ ಮಾಡಲು ಏನೂ ಉಳಿದಿರಲಿಲ್ಲ.

ಮನೆಗೆ ಬಂದು ದಾಕಿನ ಪೆಟ್ಟಿಗೆ ತೆಗೆದು ನೋಡಿದೆ. ಹಿಂದಿನ ವಾರ ತರಿಸಿದ್ದ ಮದ್ದಿನ ಕೊಳವೆಗಳು ಒಡೆಯದೆ ಹಾಗೆಯೇ ಇದ್ದವು. ಮೇಲಿನವರನ್ನು ವಿಚಾರಿಸಿದೆ, ಬದಲಿಗೆ ಯಾರನ್ನೂ ಕಳುಹಿಸಿರಲಿಲ್ಲ. ನೀವು ಹೊಸ್ತಿಲು ದಾಟಲಿಲ್ಲ ಎಂದು ಹೆಂಡತಿ ದೇವರ ಮೇಲೆ ಆಣೆ ಇಟ್ಟಳು.

ಐದನೆಯ ದಿನ ಮತ್ತೆ ಆ ಕೇರಿಗೆ ಹೋದೆ. ಮಗುವನ್ನು ಆಗಲೇ ಮಣ್ಣು ಮಾಡಿದ್ದರು. ಮುನಿಯಮ್ಮ ಅಳುತ್ತಿರಲಿಲ್ಲ. ನನ್ನನ್ನೇ ನೋಡಿ ಮೆಲ್ಲಗೆ ಹೇಳಿದಳು:

“ನಿಮಗೆ ಅವತ್ತೇ ಗೊತ್ತಿತ್ತು. ಒಂದು ಮಾತು ಯೋಳಿದ್ರೆ, ನಾನು ಕೂಲಿಗೇ ಓಗ್ತಿರ್ಲಿಲ್ಲ. ಮಗೀನ ತೊಡೆಯಿಂದ ಇಳುಸ್ತಿರ್ಲಿಲ್ಲ.”

ಅದು ನಾನಲ್ಲ ಎಂದು ಹೇಳಲು ಬಾಯಿ ತೆರೆದೆ. ಸುತ್ತ ಮಕ್ಕಳು ನಿಂತಿದ್ದವು, ತೋಳಿನ ಮೇಲೆ ದಾಕಿನ ಹಕ್ಕಳೆ ಒಣಗುತ್ತಿತ್ತು. “ತಪ್ಪಾಯಿತು ತಾಯಿ” ಎಂದು ಕೈಮುಗಿದೆ. ಯಾರ ತಪ್ಪನ್ನು ಒಪ್ಪಿಕೊಂಡೆನೋ ನನಗೆ ಇಂದಿಗೂ ತಿಳಿಯದು.