ಮೂಲೆಯಿಂದ ಮೂಲೆಗೆ ಎಳೆದ ಹಳಿ

ಪ್ರತ್ಯೇಕ ತೆಲಂಗಾಣದ ಹೋರಾಟ ಜೋರಾಗಿದ್ದ ಆ ದಿನಗಳಲ್ಲಿ ತಾಂಡೂರಿನ ನಮ್ಮ ಓಣಿಯ ಮಕ್ಕಳಿಗೆ ಬಂದ್ ಅಂದರೆ ಹಬ್ಬ. ಶಾಲೆ ಇಲ್ಲ, ಬಸ್ಸಿಲ್ಲದ ರಸ್ತೆಯ ತುಂಬ ಗೋಲಿಯಾಟ. ಒಂದು ಸಲ ಮಾತ್ರ ನನಗದು ಹಬ್ಬವಾಗಲಿಲ್ಲ. ಅವ್ವ ಹೆರಿಗೆಗೆಂದು ನಾರಾಯಣಖೇಡದ ತವರಿಗೆ ಹೋಗಿದ್ದಳು. ದಿನ ತುಂಬುವ ಮೊದಲೇ ನೋವು ಬಂದು ಜಹೀರಾಬಾದಿನ ಆಸ್ಪತ್ರೆಗೆ ಸೇರಿಸಿದ್ದೇವೆಂದು ಮಾವ ಫೋನ್ ಮಾಡಿದಾಗ ಇಲ್ಲಿ ಬಸ್ಸುಗಳು ನಿಂತಿದ್ದವು. ಜೀಪಿನವರೂ ಒಪ್ಪಲಿಲ್ಲ.

ಅಪ್ಪ ಸ್ಟೇಷನ್ನಿನಲ್ಲಿ ಗೂಡ್ಸ್ ಡಬ್ಬಿಗಳನ್ನು ಜೋಡಿಸುವ, ಬಿಡಿಸುವ ಕೆಲಸದಲ್ಲಿದ್ದರು. ರೈಲೂ ನಿಂತಿತ್ತು. ನಮ್ಮದು ಒಂದೇ ಖೋಲಿಯ ಮನೆ. ಅಪ್ಪ ಮಂಚಕ್ಕೂ ಗೋಡೆಗೂ ನಡುವೆ ತಿರುಗುವರು, ಹೊರಗೆ ಹೋಗಿ ರಸ್ತೆ ನೋಡುವರು, ಮತ್ತೆ ಒಳಗೆ ಬರುವರು. ನಾನು ಅಳತೊಡಗಿದ ಮೇಲೆ ಮಂಚದ ಕೆಳಗಿನ ಅಗಲವಾದ ಹಲಗೆ ಎಳೆದರು.

"ಸರೂ, ಬಾ. ರೈಲ್ ಮಾಡಮು."

"ಗೋಲ್ ತಿರುಗೋದು ಮಾಡಪ್ಪಾ."

"ಇಷ್ಟ ಜಾಗಾದಾಗ ಗೋಲ್ ಕೂಡಂಗಿಲ್ಲ. ಶಂಟಿಂಗ್ ಮಾಡಮು. ಹಿಂದ ಮುಂದ ಹೋಗಿ ಡಬ್ಬಿ ಬದ್ಲಿ ಮಾಡೋದು. ಅದರಾಗೇ ಮಜಾ ಅದ."

ಸೀಮೆಸುಣ್ಣದಲ್ಲಿ ಹಲಗೆಯ ಉದ್ದಕ್ಕೆ ಒಂದು ಗೀಟು, ಅದಕ್ಕೆ ಎರಡು ಕವಲು. ಪೊರಕೆ ಕಡ್ಡಿಗಳು ಹಳಿ, ಕಡ್ಡಿಪೆಟ್ಟಿಗೆಗಳು ಡಬ್ಬಿ, ಟಾರ್ಚಿನ ಹಳೆಯ ಸೆಲ್ಲು ಇಂಜಿನ್. ಹಂಚಿನ ಮೇಲೆ ರೊಟ್ಟಿ ಸೀದು ವಾಸನೆ ಬಂದದ್ದೂ ಗೊತ್ತಾಗಲಿಲ್ಲ. ಆದರೆ ಕವಲಿನಿಂದ ಡಬ್ಬಿಯನ್ನು ಎಳೆದು ತಂದರೆ ಅದು ಪೂರ್ತಿ ಹೊರಬರುವ ಮೊದಲೇ ಹಲಗೆ ಮುಗಿಯುತ್ತಿತ್ತು.

"ಹಂಗಾದ್ರ ಡಬ್ಬಿ ಒಳಗೇ ಉಳೀತದೇನಪ್ಪಾ?"

ಅಪ್ಪ ಗೇಣಿನಿಂದ ಹಲಗೆ ಅಳೆದರು. ಗೀಟು ಅಳಿಸಿ, ಮೂಲೆಯಿಂದ ಮೂಲೆಗೆ ಹೊಸದಾಗಿ ಎಳೆದರು. ಒಂದು ಡಬ್ಬಿಯಷ್ಟು ಜಾಗ ಸಿಕ್ಕಿತು! ಇಂಜಿನ್ ಡಬ್ಬಿಯನ್ನು ಹೊರಗೆ ತಂದಾಗ ಇಬ್ಬರೂ ನಕ್ಕೆವು.

ಮರುದಿನವೂ ಅದನ್ನೇ ಆಡುತ್ತಿದ್ದೆವು. ಮಾವನ ಫೋನ್ ಬಂತು. ಅಪ್ಪ ಗೋಡೆಗೆ ಒರಗಿದರು.

"ನಾವು ಬರೋತನ ತಡೀರಿ," ಎಂದರು. ಆಮೇಲೆ, "ಎಂದ ಬರ್ತೀವಂತ ನಾ ಹ್ಯಾಂಗ ಹೇಳ್ಲಿ..." ಎಂದು ಫೋನ್ ಇಟ್ಟರು.

"ಅವ್ವ?"

"ಅವ್ವ ಹುಷಾರ್ ಅದಾಳ. ನಿನ್ನ ತಮ್ಮ ಉಳೀಲಿಲ್ಲ."

ಅಂದು ಸಂಜೆಯೇ ಮಾವನವರು ಅಲ್ಲಿ ಕೂಸನ್ನು ಮಣ್ಣು ಮಾಡಿದರು. ರಸ್ತೆ ತೆರೆದು ನಾವು ಹೋದಾಗ ಅವ್ವ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಮೂಗು ನಿಂದೇ ಇತ್ತವ್ವಾ," ಎಂದಳು. ಅಪ್ಪ ಹೊರಗೆ ಹೋಗಿ ನಿಂತರು.

ರಾಜ್ಯ ಬಂತು. ಈಗ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಜಹೀರಾಬಾದಿಗೆ ಹೋಗಿ ಬರುತ್ತೇನೆ. ಕೂಸಿನದೊಂದು ಫೋಟೋ ಇಲ್ಲ, ಅದಕ್ಕೆ ಹೆಸರನ್ನೂ ಇಟ್ಟಿರಲಿಲ್ಲ. ಅವ್ವ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಆ ಮುಖ ನೋಡಿದವರು ಯಾರೂ ಇಲ್ಲ.